ರಜೆ ಕೇಳುವ ಕಥೆಗಳು

ಕಥೆ ಕಟ್ಟುವುದು ನನ್ನ ಕೆಲಸವಲ್ಲ ಎಂದು ನನಗೆ ಹೇಳಿದವರು ಕೆಟ್ಟವರೇನಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು, ಎದುರಿಗೆ ಬಂದವರಿಗೆಲ್ಲ ತಾವೇ ಮೊದಲು ಕೈಮುಗಿಯುವವರು. "ನಿಮಗೆ ಕಲ್ಪನೆ ಯಾಕಮ್ಮಾ? ನಿಮ್ಮ ಹತ್ತಿರ ಬದುಕೇ ಇದೆಯಲ್ಲ, ಅದನ್ನು ಬರೆಯಿರಿ" ಎಂದರು. ಹೊಗಳುತ್ತಿದ್ದೇನೆ ಎಂದೇ ಅವರು ನಂಬಿದ್ದರು. ಸುತ್ತ ಕೂತವರೂ ತಲೆಯಾಡಿಸಿದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಅದು ಮಡಿಕೇರಿಯಲ್ಲಿ ನಡೆದ ಮೂರು ದಿನಗಳ ಕಥಾ ಕಮ್ಮಟ. ನಾನು ಸುಂಟಿಕೊಪ್ಪದಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುವವಳು. ಊರಿನವರ ಅರ್ಜಿ, ಮದುವೆ ಪತ್ರಿಕೆ, ತಿಥಿ ಕಾರ್ಡು ಟೈಪ್ ಮಾಡುತ್ತ, ಮಧ್ಯೆ ಮಧ್ಯೆ ನನ್ನ ಕಥೆಗಳನ್ನೂ ಟೈಪ್ ಮಾಡಿಕೊಳ್ಳುತ್ತಿದ್ದೆ. ವಾಟ್ಸಾಪಿನಲ್ಲಿ ಕಮ್ಮಟದ ಸುದ್ದಿ ಬಂದಾಗ ಅಂಗಡಿಗೆ ಬೀಗ ಹಾಕಿ ಬಸ್ ಹತ್ತಿದೆ. ಕಮ್ಮಟದಲ್ಲಿ ಬರೆದ ಕಥೆಗಳಲ್ಲಿ ಒಳ್ಳೆಯವನ್ನು ಆರಿಸಿ ಒಂದು ಪುಸ್ತಕ ತರುತ್ತೇವೆ ಎಂದು ಅದರಲ್ಲಿತ್ತು. ಆ ಪುಸ್ತಕದಲ್ಲಿ ನನ್ನದೊಂದು ಕಥೆ ಇರಲೇಬೇಕು ಎಂದು ನನಗೆ ಆಸೆಯಿತ್ತು. ಸಣ್ಣ ಆಸೆಯಲ್ಲ, ಊಟ ರುಚಿಸದಷ್ಟು ಆಸೆ. ಮೊದಲ ದಿನದ ಪರಿಚಯದಲ್ಲಿ ಎಲ್ಲರೂ ತಮ್ಮ ತಮ್ಮ ಬಗ್ಗೆ ಹೇಳಿಕೊಂಡಾಗ, ಎಸ್ಟೇಟಿನ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು ಎಂದು ನಾನೂ ಹೇಳಿಕೊಂಡೆ. ಹೇಳದಿದ್ದರೆ ಚೆನ್ನಾಗಿತ್ತೇನೋ. ಆದರೆ ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ?

ಕಮ್ಮಟ ನಡೆಸುತ್ತಿದ್ದ ಆ ಮೇಷ್ಟರಿಗೆ ಗೊತ್ತಿರದ ಸಂಗತಿಯೆಂದರೆ, ಕಥೆ ಕಟ್ಟುವುದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ನಡೆದುಬಂದ ಕಸುಬು. ನಮ್ಮವ್ವ ಅದರಲ್ಲಿ ಪಳಗಿದ ಕೈ.

ನಮ್ಮ ತಾತನ ಕಾಲದಲ್ಲಿ ನಮ್ಮವರು ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ಬೇಸಾಯ ಹಿಡಿದವರು. ಅಣ್ಣತಮ್ಮಂದಿರಲ್ಲಿ ಜಮೀನು ಹಂಚಿಹೋದಾಗ ನಮ್ಮಪ್ಪನ ಪಾಲಿಗೆ ಬಂದದ್ದು ಒಂದು ಮೂಲೆ. ಅಪ್ಪ ಅವ್ವ ಇಬ್ಬರೂ ಸುಂಟಿಕೊಪ್ಪದ ಆಚೆಯ ಒಂದು ಎಸ್ಟೇಟಿಗೆ ಕೆಲಸಕ್ಕೆ ಸೇರಿದರು. ಅಪ್ಪ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ, ಅವ್ವ ತೋಟದಲ್ಲಿ. ಕೆಲಸಗಾರರಿಗೆಂದು ಸಾಲಾಗಿ ಕಟ್ಟಿಸಿದ ಲೈನಿನಲ್ಲಿ ನಮಗೊಂದು ಮನೆ ಸಿಕ್ಕಿತು. ಎಡಗಡೆ ತಮಿಳು, ಬಲಗಡೆ ಮಲಯಾಳ, ಎದುರಿಗೆ ತುಳು. ಎಲ್ಲರಿಗೂ ಎಲ್ಲರ ಭಾಷೆಯೂ ಅರ್ಧರ್ಧ ಬರುತ್ತಿತ್ತು. ಜಗಳಕ್ಕೆ ಅಷ್ಟು ಸಾಕಾಗುತ್ತಿತ್ತು.

ಹಣ್ಣು ಕುಯ್ಯುವ ಪಿಕಿಂಗ್ ಸಮಯದಲ್ಲಿ ರಜೆ ಸಿಗುವುದು ಕಷ್ಟ. ಬೆಳಿಗ್ಗೆ ಆಫೀಸಿನ ಮುಂದೆ ಹಾಜರಿ ಬರೆದುಕೊಳ್ಳುವ ರೈಟರ್ ಎದುರಿಗೆ ನಿಂತು ಕಾರಣ ಹೇಳಬೇಕು. ಆ ಮನುಷ್ಯ ಕನ್ನಡಕದ ಮೇಲಿನಿಂದ ನೋಡುತ್ತ, "ಯಾಕೆ?" ಎಂದು ಒಂದೇ ಪ್ರಶ್ನೆ ಕೇಳುತ್ತಿದ್ದ. ಆ 'ಯಾಕೆ'ಗೆ ನಿಜ ಹೇಳಿದರೆ ರಜೆ ಇಲ್ಲ. ನಿಜವಾದ ಕಾರಣಗಳು ಹೇಳುವಂಥವೂ ಆಗಿರುತ್ತಿರಲಿಲ್ಲ. ಒಬ್ಬಳಿಗೆ ಮನೆಬಿಟ್ಟು ಹೋಗಿ ಮದುವೆಯಾದ ಮಗಳನ್ನು ತನ್ನ ಗಂಡನಿಗೆ ಗೊತ್ತಾಗದ ಹಾಗೆ ನೆಲ್ಯಹುದಿಕೇರಿಯಲ್ಲಿ ನೋಡಿಬರಬೇಕಾಗಿತ್ತು. ಇನ್ನೊಬ್ಬಳಿಗೆ ಹಿಂದಿನ ದಿನ ಬಿದ್ದ ಏಟಿನಿಂದ ಕೈ ಎತ್ತಲು ಆಗುತ್ತಿರಲಿಲ್ಲ. ಮತ್ತೊಬ್ಬಳಿಗೆ ಏನೂ ಇರಲಿಲ್ಲ, ಸುಮ್ಮನೆ ಒಂದು ದಿನ ಬಿಸಿಲಿಗೆ ಕಾಲು ಚಾಚಿ ಕೂರಬೇಕು ಅನ್ನಿಸಿತ್ತು. ಅವರೆಲ್ಲ ಸಾಯಂಕಾಲ ಹಣ್ಣು ಅಳೆದುಕೊಟ್ಟು ಬಂದ ಮೇಲೆ ನಮ್ಮ ಮನೆಯ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. "ಅಕ್ಕಾ, ನಾಳೆಗೊಂದು ಹೇಳಿಕೊಡು" ಎನ್ನುತ್ತಿದ್ದರು.

ಅವ್ವ ಒಲೆಯ ಮುಂದೆ ಕೂತೇ ಕೇಳುತ್ತಿದ್ದಳು. ಮೊದಲು ನಿಜವಾದ ಕಾರಣ ಹೇಳಬೇಕು. ಅದನ್ನು ಮುಚ್ಚಿಟ್ಟರೆ ಎದ್ದು ಹೋಗು ಎನ್ನುತ್ತಿದ್ದಳು. "ನಿಜ ಗೊತ್ತಿಲ್ದಿದ್ರೆ ಸುಳ್ಳು ಎಲ್ಲಿಂದ ಹೊಲೀಲಿ ನಾನು?" ನಿಜ ತಿಳಿದ ಮೇಲೆ ಅದರ ಹತ್ತಿರಕ್ಕೂ ಸುಳಿಯದ ಒಂದು ಕಥೆ ಕಟ್ಟಿಕೊಡುತ್ತಿದ್ದಳು. ನಾನು ಹತ್ತು ಹನ್ನೊಂದು ವರ್ಷದವಳು. ಮೂಲೆಯಲ್ಲಿ ಹೋಮ್‌ವರ್ಕ್ ಮಾಡುವ ಸೋಗು ಹಾಕಿ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

ಒಂದು ಸಲ ಒಬ್ಬ ಮಾತು ಕಡಿಮೆಯ ಹೆಂಗಸಿಗೆ ಅವ್ವ ಹೇಳಿಕೊಟ್ಟದ್ದು ಇಷ್ಟೇ: "ದನ ಸಿಕ್ಕಿಲ್ಲ ರೈಟ್ರೇ, ಅಂತ ಹೇಳು. ಆಮೇಲೆ ಬಾಯಿ ಮುಚ್ಕೊ." ಬೇರೆಯವರಿಗಾದರೆ ಮದುವೆ, ನಾಮಕರಣ, ನೆಂಟರ ಜಗಳ ಎಂದು ಉದ್ದುದ್ದ ಕಟ್ಟಿಕೊಡುವವಳು ಇವಳಿಗೆ ಮಾತ್ರ ಯಾಕೆ ಇಷ್ಟು ಮೋಟು ಎಂದು ನಾನು ಕೇಳಿದೆ. "ಅವ್ಳು ದಿನಾ ನಾಕು ಮಾತಾಡಾಕಿಲ್ಲ. ನಾಳೆ ನಲ್ವತ್ತು ಮಾತಾಡುದ್ರೆ ರೈಟ್ರು ಬುಡ್ತಾರಾ? ಹೇಳೋಳ ಬಾಯಿಗೆ ಒಗ್ಬೇಕು ಕಣೇ." ಮುಂದೆ ನಾನು ಕಥೆಗಳಲ್ಲಿ ಪಾತ್ರಗಳಿಗೆ ಮಾತು ಬರೆಯಲು ಕೂತಾಗೆಲ್ಲ, ಮೊದಲು ಈ ಜನ ದಿನಕ್ಕೆ ಎಷ್ಟು ಮಾತಾಡುತ್ತಾರೆ ಎಂದು ಕೇಳಿಕೊಳ್ಳುತ್ತ ಬಂದೆ. ಇದನ್ನು ನನಗೆ ಯಾವ ಕಮ್ಮಟದಲ್ಲೂ ಯಾರೂ ಹೇಳಿಕೊಡಲಿಲ್ಲ.

ಅವ್ವನ ಕಟ್ಟಳೆಗಳು ಇನ್ನೂ ಇದ್ದವು. ಕಥೆಯಲ್ಲಿ ಅದಕ್ಕೆ ಬೇಕಿಲ್ಲದ ಒಂದು ಮಾತು ಇರಬೇಕು. ನಾದಿನಿಗೆ ಹುಷಾರಿಲ್ಲ ಎಂದರೆ ಸಾಲದು, ನಾದಿನಿಯ ಮನೆಗೆ ಹೋಗುವ ದಾರಿಯಲ್ಲಿ ಸೇತುವೆ ಕೆಲಸ ನಡೀತಿದೆ, ಸುತ್ತಿ ಹೋಗಬೇಕು ಎನ್ನಬೇಕು. ರೈಟರ್ ಸೇತುವೆಯ ಬಗ್ಗೆ ಯೋಚನೆ ಮಾಡುತ್ತಾನೆ, ನಾದಿನಿಯನ್ನು ಬಿಟ್ಟುಬಿಡುತ್ತಾನೆ. ಇನ್ನೊಂದು, ಎಲ್ಲವನ್ನೂ ನಾವೇ ಹೇಳಿಬಿಡಬಾರದು. ಒಂದು ಪ್ರಶ್ನೆಯನ್ನು ಅವನಿಗೆ ಬಿಡಬೇಕು. "ಅವ್ನು ಕೇಳ್ಬೇಕು, ನೀನು ಅಯ್ಯೋ ಅದೊಂದು ಮರ್ತೆ ಅನ್ಬೇಕು. ಆಗ ಅವ್ನಿಗೆ ತಾನೇ ಕಂಡುಹಿಡ್ದೆ ಅಂತ ಖುಷಿ." ಹೇಳಿ ಮುಗಿದ ಮೇಲೆ ಅಲ್ಲೇ ನಿಂತು ಮುಖ ನೋಡಬಾರದು, ಹೊರಟುಬಿಡಬೇಕು. ಅಳುವುದಂತೂ ಕೂಡದು. ಅತ್ತವರಿಗೆ ರಜೆ ಕೊಟ್ಟದ್ದನ್ನು ತಾನು ನೋಡಿಲ್ಲ ಎನ್ನುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು. ಯಾರನ್ನೂ ಸಾಯಿಸಬಾರದು. ಅದು ಶಕುನದ ಮಾತಲ್ಲ, ತೋಟದ ಪದ್ಧತಿ ಹಾಗಿತ್ತು. ಕೆಲಸಗಾರರ ಮನೆಯಲ್ಲಿ ಸಾವಾದರೆ ಹೆಣ ಸುಡಲು ಎಸ್ಟೇಟಿನಿಂದ ಸೌದೆ ಕಳಿಸುತ್ತಿದ್ದರು, ಜೊತೆಗೆ ನಾಲ್ಕು ಆಳುಗಳು. ಕೇಳುವ ಮೊದಲೇ ಬಂದುಬಿಡುತ್ತಿತ್ತು. ಇದು ಗೊತ್ತಿದ್ದೂ ಮೇಲಿನ ಲೈನಿನ ಒಬ್ಬಳು ಅವ್ವನನ್ನು ಕೇಳದೆ, ಎದೆಗಾರಿಕೆಯಿಂದ ತಾನೇ ಒಂದು ಕಥೆ ಕಟ್ಟಿ, ಅತ್ತೆ ತೀರಿಕೊಂಡಳು ಎಂದು ರೈಟರಿಗೆ ಹೇಳಿ ತಂಗಿಯ ಊರಿಗೆ ಬಸ್ ಹತ್ತಿದಳು. ಒಂದು ಗಂಟೆಯೊಳಗೆ ಟ್ರ್ಯಾಕ್ಟರ್ ತುಂಬ ಸಿಲ್ವರ್ ಓಕ್ ಸೌದೆ ಲೈನಿನ ಮುಂದೆ ಬಂದು ನಿಂತಿತು. ಅವತ್ತು ಶಾಲೆಗೆ ರಜೆ, ನಾನು ಅಲ್ಲೇ ಇದ್ದೆ. ಅತ್ತೆ ಬಾಗಿಲಲ್ಲಿ ಕೂತು ಎಲೆಅಡಿಕೆ ಕುಟ್ಟುತ್ತಿದ್ದಳು.

"ಯಾರ್ಕುಪ್ಪಾ ಇಷ್ಟು ಸೌದೆ?" ಎಂದು ತಮಿಳು ಬೆರೆಸಿ ಕೇಳಿದಳು.

ಟ್ರ್ಯಾಕ್ಟರಿನವನು ತಲೆ ಕೆರೆದುಕೊಂಡ. "ನಿಮ್ಗೇ ಪಾಟಿ" ಎಂದ.

ಮುದುಕಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಕುಟ್ಟಾಣಿ ಪಕ್ಕಕ್ಕಿಟ್ಟು, "ಸರಿ, ಇಳಿಸಿ ಹೋಗು. ಮಳೆಗೆ ನನೆಯದ ಹಾಗೆ ಆ ಕಡೆ ಒಟ್ಟು" ಎಂದಳು. ಆ ಮಳೆಗಾಲ ಪೂರ್ತಿ ಅದೇ ಸೌದೆಯಲ್ಲಿ ನೀರು ಕಾಯಿಸಿಕೊಂಡು ಸ್ನಾನ ಮಾಡಿದಳು. ಸೊಸೆಗೆ ಮಾತ್ರ ಆಮೇಲೆ ಒಂದು ವರ್ಷ ರಜೆಯೆಂಬುದು ಸಿಗಲಿಲ್ಲ. ರೈಟರ್ ಅವಳನ್ನು ಕಂಡಾಗೆಲ್ಲ "ನಿಮ್ಮತ್ತೆ ಹೇಗಿದಾರೆ?" ಎಂದು ಕೇಳುತ್ತಿದ್ದ.

ನನ್ನ ಶಾಲೆ ಇದು. ಇಷ್ಟೆಲ್ಲ ಕಲಿತವಳನ್ನು ಕೂರಿಸಿಕೊಂಡು ಮಡಿಕೇರಿಯ ಮೇಷ್ಟರು ನಿಮಗೆ ಕಲ್ಪನೆ ಯಾಕೆ ಎಂದು ಕೇಳಿದ್ದು.

ಅವರು ಹಾಗೆ ಕೇಳಲು ಕಾರಣವಾದದ್ದು ಮೊದಲ ದಿನದ ನನ್ನ ಬರವಣಿಗೆ. ಮಧ್ಯಾಹ್ನದೊಳಗೆ ಎರಡು ಪುಟದ ಕಥೆ ಬರೆಯಿರಿ ಎಂದಿದ್ದರು. ನಾನು ಎಸ್ಟೇಟ್ ಬಂಗಲೆಯ ಅಮ್ಮಾವರ ಬಗ್ಗೆ ಬರೆದೆ. ಗಂಡನ ಕಣ್ಣು ತಪ್ಪಿಸಿ ವಾರಕ್ಕೊಮ್ಮೆ ಹೊರಗೆ ಹೋಗಲು ಕಾರಣ ಹುಡುಕಿ ಹುಡುಕಿ ಸುಸ್ತಾದ ಆಕೆ, ಕೊನೆಗೆ ಲೈನಿನ ಒಬ್ಬ ಹೆಂಗಸನ್ನು ಕರೆಸಿ ಒಂದು ಸುಳ್ಳು ಹೇಳಿಕೊಡು ಎಂದು ಕೇಳುತ್ತಾಳೆ. ಓದಿದಾಗ ನಾಲ್ಕೈದು ಜನ ನಕ್ಕರು. ನನಗೆ ಹಿಗ್ಗು. ಮೇಷ್ಟರು ಮಾತ್ರ ನಗಲಿಲ್ಲ. "ಬಂಗಲೆಯ ಒಳಗು ನಿಮಗೆ ಗೊತ್ತೇನಮ್ಮಾ?" ಎಂದರು. ಇಲ್ಲ, ಹಿತ್ತಿಲಿನವರೆಗೆ ಹೋಗಿದ್ದೇನೆ ಎಂದೆ. "ನೋಡಿ, ಗೊತ್ತಿಲ್ಲದ್ದಕ್ಕೆ ಯಾಕೆ ಕೈಹಾಕುತ್ತೀರಿ? ನಿಮ್ಮ ನೋವು ನಿಮಗೆ ಗೊತ್ತು. ಅದರಲ್ಲೊಂದು ಸತ್ಯ ಇದೆ" ಎಂದರು. ಬದುಕೇ ಇದೆಯಲ್ಲ ಎಂಬ ಮಾತು ಬಂದದ್ದು ಆಗಲೇ.

ನನ್ನ ನಂತರ ಓದಿದ್ದು ಕಾಲೇಜಿಗೆ ಹೋಗುವ ಒಬ್ಬ ಹುಡುಗ. ಒಳ್ಳೆಯ ಹುಡುಗ, ನನಗೆ ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟಿದ್ದ. ಅವನ ಕಥೆ ಕಾಫಿ ಕುಯ್ಯುವ ಒಬ್ಬ ಹೆಂಗಸಿನದು. ಜಡಿಮಳೆಯಲ್ಲಿ, ಜುಲೈ ತಿಂಗಳಲ್ಲಿ, ಗಿಡದ ತುಂಬ ಕೆಂಪು ಹಣ್ಣು ತೂಗಾಡುತ್ತಿರುವಾಗ ಆಕೆ ಒದ್ದೆಯಾಗುತ್ತ ಕುಯ್ಯುತ್ತಾಳೆ. ಜುಲೈಯಲ್ಲಿ ಕಾಫಿ ಗಿಡದಲ್ಲಿ ಹಸಿರು ಕಾಯಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಇದು ಕೊಡಗಿನಲ್ಲಿ ಹುಟ್ಟಿದ ನಾಯಿಗೂ ಗೊತ್ತು. ಮೇಷ್ಟರು ಕಣ್ಣುಮುಚ್ಚಿ ಕೇಳಿ, "ಎಂಥ ಕಲ್ಪನಾಶಕ್ತಿ! ತನ್ನದಲ್ಲದ ಬದುಕಿನೊಳಗೆ ಹೊಕ್ಕುಬಿಟ್ಟಿದ್ದಾನೆ" ಎಂದರು.

ನಾನು ಎದ್ದು ನಿಂತು ಕೇಳಬೇಕಿತ್ತು. ಅವನು ಲೈನಿನೊಳಗೆ ಹೊಕ್ಕರೆ ಕಲ್ಪನೆ, ನಾನು ಬಂಗಲೆಯೊಳಗೆ ಹೊಕ್ಕರೆ ಗೊತ್ತಿಲ್ಲದ್ದಕ್ಕೆ ಕೈಹಾಕಿದ್ದು, ಇದು ಯಾವ ನ್ಯಾಯ ಸಾರ್ ಎಂದು. ಕೇಳಲಿಲ್ಲ. ಬಾಯಿ ಒಣಗಿಹೋಗಿತ್ತು. ಪುಸ್ತಕದ ಆಸೆ ಬೇರೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮರುದಿನ ಅವರಿಗೆ ಬೇಕಾದದ್ದನ್ನು ಬರೆದುಕೊಟ್ಟೆ. ಲೈನ್ ಮನೆಯ ಒಬ್ಬ ತಾಯಿ. ಜ್ವರ. ರೈಟರ್ ಮುಂದೆ ತಲೆತಗ್ಗಿಸಿ ನಿಂತು ರಜೆ ಕೇಳುತ್ತಾಳೆ, ಆತ ಕೊಡುವುದಿಲ್ಲ. ತುಟಿ ಬಿಚ್ಚದೆ ತೋಟಕ್ಕೆ ಹೋಗುತ್ತಾಳೆ. ಮರೆಯಲ್ಲಿ ನಿಂತ ಆನೆ ತುಳಿಯುತ್ತದೆ. ಮಗಳು ಹಣ್ಣಿನ ಚೀಲ ಅಪ್ಪಿಕೊಂಡು ಅಳುತ್ತಾಳೆ. 'ನಾನು' ಎಂದು ಬರೆದಿದ್ದೆ, ಆ ಮಗಳು ನಾನು. ಒಂದೂವರೆ ಗಂಟೆಯಲ್ಲಿ ಮುಗಿಯಿತು. ಕೈ ತಡೆಯಲೇ ಇಲ್ಲ. ತಡೆಯದಿದ್ದದ್ದನ್ನು ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು. ಮೇಷ್ಟರು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, "ಇದೇ ಕಥೆ ಅಂದರೆ" ಎಂದರು. ಮೂರನೆಯ ದಿನದ ಸಮಾರೋಪದಲ್ಲಿ, ಸಾರ್ವಜನಿಕರೆಲ್ಲ ಬಂದಿರುವಾಗ ಮೊದಲು ನಾನೇ ಓದಬೇಕು ಎಂದರು.

ಅವ್ವನಿಗೆ ಫೋನ್ ಮಾಡಿ, ವೇದಿಕೆ ಮೇಲೆ ಓದುತ್ತಿದ್ದೇನೆ, ಬಾ ಎಂದೆ. ಏನು ಓದುತ್ತಿದ್ದೇನೆ ಎಂದು ಹೇಳಲಿಲ್ಲ. ಅವಳು ಈಗ ಕೆಲಸ ಬಿಟ್ಟು ನನ್ನ ಜೊತೆಯೇ ಸುಂಟಿಕೊಪ್ಪದಲ್ಲಿದ್ದಾಳೆ. ಮದುವೆಮನೆಗೆ ಉಡುವ ಸೀರೆಗಳಲ್ಲೊಂದನ್ನು ಉಟ್ಟು, ಸ್ಟೀಲ್ ಡಬ್ಬಿಯಲ್ಲಿ ನನಗೆ ಚಿತ್ರಾನ್ನ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಳು. ನಾನು ವೇದಿಕೆ ಹತ್ತುವ ಹೊತ್ತಿಗೆ ಕೊನೆಯ ಸಾಲಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತದ್ದು ಕಾಣಿಸಿತು. ಮೈಕ್ ಸರಿಯಿರಲಿಲ್ಲ, ಹಿಂದಿನವರಿಗೆ ಅರ್ಧಂಬರ್ಧ ಕೇಳುತ್ತಿತ್ತಂತೆ. ಓದಿದೆ. ಸಭೆಯಲ್ಲಿ ಮೂಗೆಳೆಯುವ ಸದ್ದು ಕೇಳಿಸಿತು. ಓದಿ ಮುಗಿಸುತ್ತಲೇ ಮೇಷ್ಟರು ಎದ್ದು ಬಂದು ಮೈಕ್ ತೆಗೆದುಕೊಂಡರು. ಅವರ ದನಿ ನಡುಗುತ್ತಿತ್ತು.

"ಈ ಹೆಣ್ಣುಮಗಳ ತಾಯಿಗಾಗಿ, ತೋಟಗಳಲ್ಲಿ ಹೀಗೆ ಮೂಕವಾಗಿ ಸತ್ತ ಎಲ್ಲ ತಾಯಂದಿರಿಗಾಗಿ, ನಾವೆಲ್ಲ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ."

ಎಲ್ಲರೂ ಎದ್ದು ನಿಂತರು. ಅವ್ವನೂ ಡಬ್ಬಿಯನ್ನು ಕುರ್ಚಿಯ ಮೇಲಿಟ್ಟು ಎದ್ದು ನಿಂತಳು. ಸೆರಗು ಹೊದ್ದು, ಕಣ್ಣುಮುಚ್ಚಿ, ಕೈಮುಗಿದಳು. ನಾನು ಮೈಕಿನ ಪಕ್ಕದಲ್ಲಿ ನಿಂತು ಅದನ್ನು ನೋಡುತ್ತಿದ್ದೆ. ಕಾಲ ಕೆಳಗಿನ ಹಲಗೆ ಮುರಿದು ನಾನು ಒಳಗೆ ಬಿದ್ದುಹೋಗಬಾರದೇ ಅನ್ನಿಸಿತು. ನಿಮಿಷ ಮುಗಿಯಿತು. ಎಲ್ಲರೂ ಕೂರುವಾಗ ಅವ್ವ ಪಕ್ಕದವರನ್ನು ಕೇಳಿದಳಂತೆ, "ಯಾರು ಸಾರ್ ತೀರ್ಕೊಂಡಿದ್ದು?"

"ಓದಿದರಲ್ಲ, ಅವರ ತಾಯಿ."

"ನಾನಾ?" ಎಂದಳು ಅವ್ವ. ತೋಟದಲ್ಲಿ ಐದು ಸಾಲು ಗಿಡದಾಚೆಯವರನ್ನು ಕೂಗಿ ಮಾತಾಡಿ ಬೆಳೆದ ಗಂಟಲು ಅದು. ಮೈಕ್ ಬೇಕಾಗಿರಲಿಲ್ಲ. ಇಡೀ ಸಭೆ ತಿರುಗಿ ನೋಡಿತು.

ಆಮೇಲೆ ಕಾಫಿ ಕೊಡುವ ಕೋಣೆಯಲ್ಲಿ ಮೇಷ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮುಖ ಕಪ್ಪಿಟ್ಟಿತ್ತು. "ನೀವು ನಮ್ಮನ್ನೆಲ್ಲ ನಂಬಿಸಿದಿರಿ" ಎಂದರು.

"ಕಥೆ ಅಂತಲೇ ಬರೆದದ್ದು ಸಾರ್."

"ಅಂಥ ಸಂಗತಿಯಲ್ಲಿ ಸುಳ್ಳು ಹೇಳಬಹುದಾ?"

"ಆ ಹುಡುಗನ ಕಥೆಯ ಹೆಂಗಸೂ ಸುಳ್ಳೇ ಅಲ್ವಾ? ಅವನನ್ನ ಯಾರೂ ಕೇಳಲಿಲ್ಲ."

"ಅದು ಬೇರೆ."

"ಹೇಗೆ ಬೇರೆ?"

ಅವರು ಕಾಫಿ ಕುಡಿದರು. ಕೆಟ್ಟವರಲ್ಲ ಎಂದೆನಲ್ಲ, ಅದಕ್ಕೇ ಇರಬೇಕು, ಹೊರಡುವಾಗ ಮತ್ತೆ ಕರೆದು, "ಒಂದು ತಿಂಗಳು ಟೈಮ್ ಇದೆ. ತಿದ್ದಿ ಕಳಿಸಿ, ಪುಸ್ತಕಕ್ಕೆ ನೋಡೋಣ" ಎಂದರು.

ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಕೂತಿದ್ದಳು. ಊರು ದಾಟಿ ಇಳಿಜಾರಿನ ತಿರುವುಗಳು ಮುಗಿಯುವವರೆಗೂ ಹೊರಗೇ ನೋಡುತ್ತಿದ್ದಳು. ಸಾಯಿಸಿದ್ದಕ್ಕೆ ಬೈಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಬೈಸಿಕೊಳ್ಳಲು ತಯಾರಾಗಿಯೇ ಇದ್ದೆ. ಕೊನೆಗೆ ಅವಳೇ ಕೇಳಿದಳು.

"ನಂಗೆ ಸರ್ಯಾಗಿ ಕೇಳ್ಸ್ಲಿಲ್ಲ. ಅವ್ಳು ರೈಟ್ರನ್ನ ರಜ ಕೇಳ್ತಾಳಲ್ಲ, ಅಲ್ಲಿ ಏನಂತ ಬರ್ದಿದ್ದೀಯ?"

"ತಲೆತಗ್ಗಿಸಿ ನಿಂತಳು ಅಂತ."

"ಆಮೇಲೆ?"

"ಆಮೇಲೆ... ರೈಟರ್ ಆಗಲ್ಲ ಅಂದ. ಅವಳು ತುಟಿ ಬಿಚ್ಚದೆ ತೋಟಕ್ಕೆ ಹೋದಳು."

ಅವ್ವ ನನ್ನ ಮುಖವನ್ನೇ ನೋಡಿದಳು. "ಸಾಯ್ಸಿದ್ದಕ್ಕೆ ಬೇಜಾರಿಲ್ಲ ಕಣೇ. ಮನುಷ್ರು ಸಾಯ್ತಾರೆ. ನನ್ನ ಮೂಗಿ ಮಾಡ್ಬುಟ್ಯಲ್ಲ, ಅದ್ಯಾಕೆ?"

ನಾನು ಬಸ್ ಟಿಕೆಟನ್ನು ಮಡಚುತ್ತ ಕೂತೆ.

"ಇಪ್ಪತ್ತೈದು ವರ್ಷ ಆ ರೈಟ್ರ ಮುಂದೆ ನಿಂತಿದ್ದೀನಿ. ಯಾವತ್ತು ತಲೆ ತಗ್ಸಿದ್ದೆ? ಒಂದು ದಿನ ಹೇಳು. ಅಂವ ಒಂದು ಕೇಳುದ್ರೆ ನಾನು ಹತ್ತು ಹೇಳ್ತಿದ್ದೆ. ನೀನು ಅಲ್ಲೇ ಮೂಲೇಲಿ ಕೂತ್ಕಂಡು ಎಲ್ಲಾ ಕೇಳಿದ್ಯಲ್ಲೇ. ಆ ಜುಬ್ಬಾದ ಮೇಷ್ಟ್ರಿಗೆ ಗೊತ್ತಿಲ್ಲ ಬುಡು. ನಿಂಗೂ ಗೊತ್ತಿರ್ನಿಲ್ವಾ?"

ಆಗ ಅಳು ಬಂತು. ನಾಚಿಕೆಯ ಅಳು. ಮೇಷ್ಟರು ನನಗೆ ಮಾಡಿದ್ದನ್ನೇ ನಾನು ಅವ್ವನಿಗೆ ಮಾಡಿದ್ದೆ. ಬಾಯಿಯಿದ್ದವಳ ಬಾಯಿ ಹೊಲಿದು, ಬರೀ ನೋವು ಮಾತ್ರ ಉಳಿಸಿ, ಅದನ್ನು ಚಪ್ಪಾಳೆಗೆ ಕೊಟ್ಟುಬಂದಿದ್ದೆ. ಅವ್ವ ಡಬ್ಬಿ ತೆಗೆದು ನನ್ನ ಕೈಗಿಟ್ಟಳು. ಬಸ್ಸಿನಲ್ಲೇ ಚಿತ್ರಾನ್ನ ತಿಂದೆ. ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ.

ಆ ತಿಂಗಳು ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬರೆಯುತ್ತಿದ್ದೆ, ಸಾಯಂಕಾಲ ಅವ್ವನಿಗೆ ಓದುತ್ತಿದ್ದೆ. ಹಳೆಯದನ್ನು ತಿದ್ದಲು ಹೋಗಲಿಲ್ಲ, ಬಿಸಾಡಿದೆ. ಹೊಸ ಕಥೆಯಲ್ಲಿ ಆನೆಯೇ ಇಲ್ಲ. ಇರುವುದು ಆನೆಯ ಸುಳ್ಳು. ಒಬ್ಬ ಹೆಂಗಸು ಕೆಲಸಕ್ಕೆ ತಡವಾಗಿ ಬಂದು, ದಾರಿಯಲ್ಲಿ ಆನೆ ಅಡ್ಡ ನಿಂತಿತ್ತು ಎಂದು ರೈಟರಿಗೆ ಹೇಳುತ್ತಾಳೆ. ಎಲ್ಲಿ ಎಂದು ಕೇಳಿದರೆ ಕೆರೆ ಪಕ್ಕದ ಬ್ಲಾಕಿನಲ್ಲಿ ಎನ್ನುತ್ತಾಳೆ. ಒಂದು ಕಿವಿ ಹರಿದಿತ್ತು ಎಂದೂ ಸೇರಿಸುತ್ತಾಳೆ. ಆ ಕಿವಿಯಿಂದ ಕಥೆ ಕೈಮೀರುತ್ತದೆ. ಮರುದಿನ ಇನ್ನೊಬ್ಬಳು ಹರಿದ ಕಿವಿಯ ಆನೆಯನ್ನು ತಾನೂ ನೋಡಿದೆ ಎನ್ನುತ್ತಾಳೆ. ಟ್ರ್ಯಾಕ್ಟರಿನವನು ನೋಡುತ್ತಾನೆ. ಆ ಬ್ಲಾಕಿಗೆ ಯಾರೂ ಹೋಗುವುದಿಲ್ಲ, ಹಣ್ಣು ಗಿಡದಲ್ಲೇ ಒಣಗುತ್ತದೆ. ಹೆಂಗಸರೆಲ್ಲ ಲೈನಿನ ಮುಂದೆ ಬಿಸಿಲಿಗೆ ಕಾಲು ಚಾಚಿ ಕೂತು ದಿನವೂ ಆನೆಯ ಸುದ್ದಿ ಬೆಳೆಸುತ್ತಾರೆ. ಕೊನೆಗೆ ಒಂದು ಬೆಳಿಗ್ಗೆ, ಆನೆ ಇಲ್ಲ ಎಂದು ಗೊತ್ತಿರುವ ಒಬ್ಬಳೇ ಒಬ್ಬಳು, ಆ ಕಥೆ ಕಟ್ಟಿದವಳು, ಕೆರೆ ಪಕ್ಕದ ಬ್ಲಾಕಿನ ಹಾದಿಯಲ್ಲಿ ನಿಂತು ಮುಂದೆ ಹೆಜ್ಜೆ ಇಡಲಾರದೆ ಹೆದರುತ್ತಾಳೆ.

ಬರೆಯುವುದು ಸುಲಭವಾಗಲಿಲ್ಲ. ಅವ್ವ ಸಾಕುಸಾಕು ಮಾಡಿದಳು. "ಇಲ್ಲಿ ರೈಟ್ರು ಯಾಕೆ ಇಷ್ಟು ದಡ್ಡ? ದಡ್ಡನಿಗೆ ಸುಳ್ಳು ಹೇಳೋದ್ರಲ್ಲಿ ಏನೈತೆ ದೊಡ್ಡಸ್ತಿಕೆ?" ಎಂದು ಒಂದು ದಿನ. ರೈಟರನ್ನು ಚುರುಕು ಮಾಡಿದೆ. "ಈ ತಮಿಳಮ್ಮ ಯಾಕೆ ಪುಸ್ತಕದಂಗೆ ಮಾತಾಡ್ತಾಳೆ?" ಎಂದು ಇನ್ನೊಂದು ದಿನ. ಆ ಪುಟವನ್ನು ನಾಲ್ಕು ಸಲ ಬರೆದೆ. ಕೊನೆಯಲ್ಲಿ ಆ ಹೆಂಗಸು ಯಾಕೆ ಹೆದರಿದಳು ಎಂದು ಒಂದು ಪ್ಯಾರಾದಲ್ಲಿ ವಿವರಿಸಿದ್ದೆ. ಅವ್ವ ಕೇಳಿ, "ಹೇಳಾಯ್ತಲ್ಲ, ಇನ್ನೂ ಯಾಕೆ ನಿಂತ್ಕಂಡು ಮುಖ ನೋಡ್ತೀಯ? ಹೊರ್ಡು" ಎಂದಳು. ಆ ಪ್ಯಾರಾ ಹೊಡೆದುಹಾಕಿದೆ. ಅವಳಿಗೆ ಅಕ್ಷರ ಬರುವುದಿಲ್ಲ. ಅವಳಷ್ಟು ಕಟ್ಟುನಿಟ್ಟಿನ ಓದುಗರನ್ನು ನಾನು ಈವರೆಗೆ ಕಂಡಿಲ್ಲ.

ಕಳಿಸಿ ಹದಿನೈದು ದಿನಕ್ಕೆ ಮೇಷ್ಟರು ಫೋನ್ ಮಾಡಿದರು. ಭಾನುವಾರ ಬೆಳಿಗ್ಗೆ. ಅವ್ವ ಹಿತ್ತಿಲ ಕಟ್ಟೆಯ ಮೇಲೆ ಕೂತು ಮೀನು ಸೋಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಮಾತಾಡಿದೆ.

"ಓದಿದೆನಮ್ಮಾ. ಚೆನ್ನಾಗಿ ಓದಿಸಿಕೊಂಡು ಹೋಗುತ್ತೆ. ಆದರೆ ನಂಬಲು ಆಗುವುದಿಲ್ಲ. ಲೈನಿನ ಒಬ್ಬ ಹೆಂಗಸು ರೈಟರ್ ಎದುರಿಗೆ ಇಷ್ಟು ಮಾತಾಡ್ತಾಳಾ?"

"ಮಾತಾಡ್ತಾಳೆ ಸಾರ್."

"ಇದರಲ್ಲಿ ನಿಜ ಎಷ್ಟು?"

ಕಮ್ಮಟದ ಮೊದಲ ದಿನ ಒಣಗಿದ್ದ ಬಾಯಿ ಈ ಸಲ ಒಣಗಲಿಲ್ಲ. "ಏನೂ ಇಲ್ಲ ಸಾರ್. ಆನೆ ಇಲ್ಲ, ಆ ಹೆಂಗಸೂ ಇಲ್ಲ. ಎಲ್ಲ ನಾನೇ ಕಟ್ಟಿದ್ದು" ಎಂದೆ. ಹೇಳುವಾಗ ಎಂಥ ಹೆಮ್ಮೆಯಾಯಿತೆಂದರೆ, ಇನ್ನೊಂದು ಸಲ ಹೇಳಿದೆ. "ಎಲ್ಲ ನಾನೇ ಕಟ್ಟಿದ್ದು."

ಅವರು ಬಹಳ ಮೆಲ್ಲಗೆ, ನನಗೆ ಉಪಕಾರ ಮಾಡುವ ದನಿಯಲ್ಲಿ ಹೇಳಿದರು. "ನೋಡಿ, ಪುಸ್ತಕ ಪ್ರೆಸ್ಸಿಗೆ ಹೋಗ್ತಾ ಇದೆ. ನೀವು ಸಮಾರೋಪದಲ್ಲಿ ಓದಿದ ಬರಹದಲ್ಲಿ ನೋವಿತ್ತು. ಅದನ್ನೇ ಹಾಕೋಣ. 'ಅನುಭವ' ಅಂತ ಒಂದು ಭಾಗ ಮಾಡಿದ್ದೇನೆ, ಅದರಲ್ಲಿ ನಿಮ್ಮ ಫೋಟೋ ಜೊತೆ ಹಾಕೋಣ."

"ಅದು ನಡೆದದ್ದೇ ಅಲ್ವಲ್ಲ ಸಾರ್."

"ತೋಟಗಳಲ್ಲಿ ಅಂಥವು ನಡೆಯುತ್ತವಲ್ಲಾ? ನಿಮ್ಮ ತಾಯಿ ಅಂತ ಬೇಡ. ಪಕ್ಕದ ಮನೆಯವರು ಅಂತ ಮಾಡಿಬಿಡಿ."

ನನಗೆ ನಗು ಬಂತು, ಸಿಟ್ಟೂ ಬಂತು. ಕಥೆಯನ್ನು ಕಥೆ ಎಂದು ಹಾಕಲು ಇವರಿಗೆ ಆಗುವುದಿಲ್ಲ. ಸುಳ್ಳನ್ನು ನಿಜ ಎಂದು ಹಾಕಲು ಆಗುತ್ತದೆ. ನನ್ನಂಥವಳು ಕಣ್ಣೀರು ಹಾಕಿದರೆ ಅದು ಯಾರ ಮನೆಯದಾದರೂ ನಡೆಯುತ್ತದೆ, ತಲೆ ಓಡಿಸಿದರೆ ಮಾತ್ರ ನಂಬಿಕೆ ಬರುವುದಿಲ್ಲ. ಒಂದು ಕ್ಷಣ ಆ ಪುಸ್ತಕ ಕಣ್ಣ ಮುಂದೆ ಬಂತು ಎಂಬುದನ್ನೂ ಹೇಳಬೇಕು. ಹೊಸ ಪುಸ್ತಕ, ಅದರ ಪರಿವಿಡಿಯಲ್ಲಿ ನನ್ನ ಹೆಸರು. ಅಂಗಡಿಯ ಗಾಜಿನೊಳಗೆ ಇಟ್ಟುಕೊಳ್ಳಬಹುದಿತ್ತು. ಅರ್ಜಿ ಬರೆಸಲು ಬಂದವರು ತಿರುವಿ ನೋಡುತ್ತಿದ್ದರು.

"ಸಾರ್" ಎಂದೆ, "ಆನೆಯ ಸುಳ್ಳಿನ ಕಥೆಯನ್ನ ಹಾಕೋದಾದರೆ, ಕಥೆ ಅಂತ ಮೇಲೆ ಬರೆದು, ಆ ಹುಡುಗನ ಕಥೆ ಇರುವ ಭಾಗದಲ್ಲೇ ಹಾಕಿ. ಇಲ್ಲ ಅಂದರೆ ನನ್ನದು ಏನೂ ಬೇಡ. ಫೋಟೋನೂ ಬೇಡ."

"ದುಡುಕಬೇಡಿ. ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡಿದ್ದೀನಿ ಸಾರ್. ಇನ್ನೊಂದು ಮಾತು, ಜುಲೈಯಲ್ಲಿ ಕಾಫಿ ಹಣ್ಣಾಗಲ್ಲ. ಪ್ರೆಸ್ಸಿಗೆ ಹೋಗುವ ಮುಂಚೆ ಆ ಹುಡುಗನಿಗೆ ಹೇಳಿಬಿಡಿ, ಪಾಪ."

ನಮಸ್ಕಾರ ಹೇಳಿ ಫೋನ್ ಇಟ್ಟೆ. ದುಃಖವೂ ಆಯಿತು. ಆಗಲಿಲ್ಲ ಎಂದರೆ ಅದೊಂದು ಸುಳ್ಳು, ಅದೂ ಚೆನ್ನಾಗಿ ಕಟ್ಟದ ಸುಳ್ಳು. ಅವ್ವ ಮೀನಿನಿಂದ ತಲೆಯೆತ್ತಿ ನೋಡಿದಳು.

"ಏನಂತೆ? ಬ್ಯಾಡ ಅಂದ್ರಾ?"

"ಇಲ್ಲ" ಎಂದೆ. "ನಾನು ಬೇಡ ಅಂದೆ."